ಬಂಡವಾಳಶಾಹಿಯೋ, ಸಮಾಜವಾದವೋ? ಮೊದಲು ಪೇಸ್ಲಿಪ್ ನೋಡೋಣ



ಹೋದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಮ್ಮ ಹುಡುಗರ ನಡುವೆ ಜೋರು ವಾದ ನಡೆಯಿತು. ಡಿಗ್ರಿ ಓದುತ್ತಿರುವ ಒಬ್ಬ, "ಬಂಡವಾಳಶಾಹಿ ಅಂದ್ರೆ ಬಡವರನ್ನು ಹಿಂಡೋದು. ಸಮಾಜವಾದ ಬಂದ್ರೆ ಎಲ್ಲ ಸರಿ ಹೋಗುತ್ತೆ" ಅಂದ. ಶೋರೂಮಿನಲ್ಲಿ ಕೆಲಸ ಮಾಡುವ ಇನ್ನೊಬ್ಬ, "ಒಂದು ಸರ್ಟಿಫಿಕೇಟಿಗೆ ಸರ್ಕಾರಿ ಆಫೀಸಿಗೆ ಹೋಗಿ ಬಾ, ಆಮೇಲೆ ಸಮಾಜವಾದದ ಮಾತಾಡು" ಅಂದ. ಎಲ್ಲರೂ ನಕ್ಕರು. ನಗದೇ ಇದ್ದವನು ನನ್ನ ಚಿಕ್ಕಪ್ಪನ ಮಗ ಒಬ್ಬನೇ. ಅವನ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜ್ ಕಟ್ಟಿತ್ತು.

ಅವನು ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟರ್ ಮೂಲಕ ಕೆಲಸಕ್ಕೆ ಸೇರಿದ್ದ. ಮೆಷಿನ್ನಿಗೆ ಬೆರಳು ಸಿಕ್ಕಿತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದರು, ನಿಜ. ಆದರೆ ಮಾರನೇ ದಿನ ಕಂಟ್ರಾಕ್ಟರ್ ಹೇಳಿದ್ದು, "ವಾಸಿ ಆದ ಮೇಲೆ ಬಾ" ಅಂತ. ಮನೆಯಲ್ಲಿ ಕೂತ ದಿನಗಳಿಗೆ ಸಂಬಳ ಇಲ್ಲ. ಇಎಸ್‌ಐ ಇದೆಯಾ ಅಂತ ಕೇಳಿದರೆ, ಅವನ ಹೆಸರನ್ನೇ ಬರೆಸಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದರೂ ಅವನ ಕೈಗೆ ಒಂದು ಪೇಸ್ಲಿಪ್ ಬಂದಿರಲಿಲ್ಲ. ಅವನೂ ಕೇಳಿರಲಿಲ್ಲ.

ಅವತ್ತಿನಿಂದ ನನಗೆ ಒಂದೇ ಯೋಚನೆ. ನಾವು ಪುಸ್ತಕದ ಎರಡು ದೊಡ್ಡ ಪದಗಳನ್ನು ಹಿಡಿದು ಜಗಳ ಆಡುತ್ತೇವೆ. ಆ ಎರಡೂ ನಮ್ಮ ಊರಿನಲ್ಲೇ ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿರುವುದನ್ನು ನಾವು ನೋಡುವುದಿಲ್ಲ.

ನಮ್ಮ ಮಾವ ಮಡಕಶಿರಾ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ತಿಂಗಳು ಆಗುತ್ತದೆ. ಆ ತಿಂಗಳು ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇಲ್ಲ. ಆಮೇಲೆ ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಬರುತ್ತದೆ. ನೂಲು ಬಿಚ್ಚುವವರು ಬಂದು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ರೇಟು ಕೂಗುತ್ತಾರೆ. ಒಳ್ಳೆ ಗೂಡಿಗೆ ಒಳ್ಳೆ ರೇಟು. ಹುಳುಮನೆ ಚೊಕ್ಕಟವಾಗಿ ಇಟ್ಟುಕೊಳ್ಳಿ ಎಂದು ಮಾವನಿಗೆ ಯಾವ ಅಧಿಕಾರಿಯೂ ದಿನಾ ಬಂದು ಹೇಳಬೇಕಾಗಿಲ್ಲ, ಆ ರೇಟೇ ಹೇಳುತ್ತದೆ. ಬಂಡವಾಳಶಾಹಿಯನ್ನು ಹೊಗಳುವವರು ಹೇಳುವ ಮಾತು ಇದೇ, ಅದರಲ್ಲಿ ಸತ್ಯ ಇದೆ. ದುಡಿದವನಿಗೆ ದುಡಿಮೆಯ ಫಲ ಕಾಣಬೇಕು.

ಆದರೆ ಇನ್ನೊಂದು ಸಂಗತಿ ಇದೆ. ಗೂಡನ್ನು ಕೂಡಿಟ್ಟುಕೊಂಡು ಕಾಯಲು ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದ ನೂಲು ಬರುವುದಿಲ್ಲ. ಮನೆ ಬಾಗಿಲಿಗೆ ಒಬ್ಬನೇ ವ್ಯಾಪಾರಿ ಬಂದು ನಿಂತರೆ ಅವನು ಹೇಳಿದ್ದೇ ರೇಟು, ಯಾಕೆಂದರೆ ಅವನು ಕಾಯಬಲ್ಲ, ಮಾವ ಕಾಯಲಾರರು. ಅದಕ್ಕೇ ಸರ್ಕಾರದ ಮಾರ್ಕೆಟ್ ಬೇಕಾಯಿತು. ಅಲ್ಲಿ ಹತ್ತಾರು ಜನ ಕೊಳ್ಳುವವರು, ಎಲ್ಲರ ಎದುರಿಗೆ ಹರಾಜು, ಎಲ್ಲರಿಗೂ ಒಂದೇ ತೂಕ. ಕರ್ನಾಟಕದಲ್ಲಿ ಇದಕ್ಕಾಗಿ 1959ರಲ್ಲೇ ಕಾಯ್ದೆ ಬಂತು. ಅಂದರೆ ನಮ್ಮ ಗೂಡಿನ ಮಾರ್ಕೆಟ್ಟಿನಲ್ಲಿ ವ್ಯಾಪಾರವೂ ಇದೆ, ವ್ಯಾಪಾರಕ್ಕೆ ಸಮಾಜ ಹಾಕಿದ ಬೇಲಿಯೂ ಇದೆ. ಬೇಲಿ ಕಿತ್ತರೆ ರೈತ ಮುಳುಗುತ್ತಾನೆ. ವ್ಯಾಪಾರವೇ ಬೇಡ ಅಂದರೆ ಗೂಡು ಕೊಳ್ಳುವವರೇ ಇರುವುದಿಲ್ಲ.

ಈಗ ಹೇಳಿ, ಗೂಡಿಗಿಂತ ಬೇಗ ಕೆಡುವ ಸರಕು ಯಾವುದು? ಕೂಲಿಯವನ ಒಂದು ದಿನ. ಬೆಳಿಗ್ಗೆ ಸರ್ಕಲ್ಲಿನಲ್ಲಿ ಬುತ್ತಿ ಹಿಡಿದು ನಿಂತ ಗಾರೆ ಕೆಲಸದವರನ್ನು ನೋಡಿ. ಹತ್ತು ಗಂಟೆಯೊಳಗೆ ಯಾರೂ ಕರೆಯದಿದ್ದರೆ ಆ ದಿನ ಹೋಯಿತು, ಅದನ್ನು ನಾಳೆ ಮಾರಲು ಬರುವುದಿಲ್ಲ. ಹೊತ್ತು ಏರಿದಂತೆ ಕೂಲಿ ಇಳಿಯುತ್ತದೆ. ಕಲ್ಯಾಣದುರ್ಗ ಕಡೆಯ ನಮ್ಮ ನೆಂಟರು ಮಳೆ ಇಲ್ಲದೆ ಕಡಲೆಕಾಯಿ ಹೋದ ವರ್ಷ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ಮೇಸ್ತ್ರಿ ಹೇಳಿದ್ದೇ ಕೂಲಿ.

ದೇಶದ ಉದ್ಯೋಗ ಖಾತ್ರಿ ಯೋಜನೆ ಶುರುವಾಗಿದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ್ ಸಿಂಗ್ ಅಲ್ಲಿಗೆ ಬಂದು ಅದನ್ನು ಆರಂಭಿಸಿದರು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ, ಅದೂ ದಯೆಯಿಂದಲ್ಲ, ಹಕ್ಕಿನಿಂದ. ಆಮೇಲೆ ಹೆಸರೂ ನಿಯಮಗಳೂ ಬದಲಾಗುತ್ತಾ ಬಂದಿವೆ. ಆದರೆ ಅದು ಕೊಟ್ಟ ದೊಡ್ಡ ವರ ಕೂಲಿ ಹಣ ಮಾತ್ರ ಅಲ್ಲ. "ಈ ರೇಟಿಗೆ ನಾನು ಬರಲ್ಲ" ಎಂದು ಮೇಸ್ತ್ರಿಗೆ ಹೇಳುವ ಧೈರ್ಯವನ್ನು ಅದು ಕೊಟ್ಟಿತು.

ಹಾಗಂತ ಆ ಕಡೆಯ ತಪ್ಪುಗಳನ್ನು ಮುಚ್ಚಿಡಬಾರದು. ಗುಂಪಾಗಿ ಮಣ್ಣು ಅಗೆದು, ಅಳತೆ ಮೇಲೆ ಕೂಲಿ ಹಂಚಿದಾಗ, ಬೆವರು ಹರಿಸಿದವಳಿಗೂ ನೆರಳಲ್ಲಿ ಕೂತವನಿಗೂ ಒಂದೇ ದುಡ್ಡು. ಕೂಲಿ ವಾರಗಟ್ಟಲೆ ತಡ. ಎರಡು ಎಕರೆಯ ಸಣ್ಣ ರೈತ, "ನನಗೆ ಆಳೇ ಸಿಗ್ತಿಲ್ಲ, ಆ ಕೂಲಿ ಕೊಡೋಕೂ ಆಗ್ತಿಲ್ಲ" ಅಂತ ಗೋಳಾಡಿದರೆ ಅವನ ಮಾತೂ ಸುಳ್ಳಲ್ಲ. ಇನ್ನು ಎಲ್ಲವನ್ನೂ ಸರ್ಕಾರದ ಕೈಗೆ ಕೊಟ್ಟ ದೇಶಗಳ ಕತೆ ಗೊತ್ತೇ ಇದೆ. ಕಾರ್ಮಿಕರದೇ ರಾಜ್ಯ ಎಂದು ಹೇಳಿಕೊಂಡ ಪೋಲೆಂಡಿನಲ್ಲಿ, 1980ರಲ್ಲಿ, ಸ್ವತಂತ್ರ ಸಂಘ ಕಟ್ಟುವ ಹಕ್ಕು ಬೇಕು ಎಂದು ಗ್ದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರೇ ಮುಷ್ಕರ ಹೂಡಬೇಕಾಯಿತು. ಮಾಲೀಕನೂ ಪೊಲೀಸೂ ಒಬ್ಬನೇ ಆದರೆ ದೂರು ಹೇಳಲು ಯಾರ ಹತ್ತಿರ ಹೋಗುವುದು?

ಇದನ್ನೆಲ್ಲ ನಮ್ಮ ಧರ್ಮಸಭೆ ಬಹಳ ಹಿಂದೆಯೇ ಯೋಚಿಸಿದೆ. 1891ರಲ್ಲಿ ಪೋಪ್ 13ನೇ ಲಿಯೋ ಬರೆದ 'ರೆರುಮ್ ನೊವಾರುಮ್' ಪತ್ರ ಸ್ವಂತ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು, ಅದರ ಜೊತೆಗೇ ಸಂಸಾರ ಸಾಗುವಷ್ಟು ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಕಾರ್ಮಿಕನ ಪರವಾಗಿ ಕೇಳಿತು. 1981ರಲ್ಲಿ ಪೋಲೆಂಡಿನವರೇ ಆದ ಎರಡನೇ ಜಾನ್ ಪಾಲ್, ಬಂಡವಾಳಕ್ಕಿಂತ ದುಡಿಮೆ ಮೊದಲು ಎಂದು ಬರೆದರು. 2025ರಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಆ ಹೆಸರನ್ನು ಆರಿಸಿಕೊಳ್ಳಲು 1891ರ ಆ ಪತ್ರವೇ ಒಂದು ಮುಖ್ಯ ಕಾರಣ ಎಂದು ಅವರೇ ಹೇಳಿದ್ದಾರೆ.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಬರುವ ದ್ರಾಕ್ಷಿ ತೋಟದ ಕತೆಯನ್ನು ನಮ್ಮ ಸರ್ಕಲ್ಲಿನಲ್ಲಿ ನಿಂತು ಓದಿ ನೋಡಿ. ಸಂಜೆಯವರೆಗೂ ಅಲ್ಲಿ ನಿಂತವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ತೋಟದ ಯಜಮಾನ ಮೊದಲು ಬಂದವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ. ಕೊನೆಗೆ ಬಂದವನ ಮನೆಯಲ್ಲೂ ಅವತ್ತು ಒಲೆ ಉರಿಯಬೇಕು ಎಂಬುದನ್ನು ಮರೆಯಲೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಯಾವುದೇ ವ್ಯವಸ್ಥೆಯನ್ನು ಅಳೆಯಲು ಈ ಎರಡು ಪ್ರಶ್ನೆ ಸಾಕು: ಒಪ್ಪಿದ್ದನ್ನು ಕೊಟ್ಟಿದೆಯೇ? ಕೊನೆಯವನ ಮನೆಯಲ್ಲಿ ಒಲೆ ಉರಿದಿದೆಯೇ?

ಈಗ ನನ್ನ ತಮ್ಮನ ಬೆರಳಿಗೆ ಬರೋಣ. ಅವನಿಗೆ ಬೇಕಾಗಿದ್ದ ಕಾನೂನು ಆಗಲೇ ಇತ್ತು. ಇಎಸ್‌ಐಗೆ ಕಾರ್ಮಿಕ ಕಟ್ಟುವುದು ಸಂಬಳದ 0.75%, ಮಾಲೀಕ ಕಟ್ಟುವುದು 3.25%. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಅನ್ವಯಿಸುತ್ತದೆ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ 90% ಸಿಗುತ್ತದೆ. ಕಂಟ್ರಾಕ್ಟರ್ ಕಟ್ಟದಿದ್ದರೆ ಕಾರ್ಖಾನೆಯ ಮಾಲೀಕನೇ ಮೊದಲು ಕಟ್ಟಬೇಕು. ಹಾಗೆಯೇ ಪಿಎಫ್‌ಗೆ ಇಬ್ಬರೂ 12% ಹಾಕಬೇಕು. ಕಾರ್ಖಾನೆಯಲ್ಲಿ ಓಟಿ ಮಾಡಿದರೆ ಎರಡು ಪಟ್ಟು ಕೂಲಿ. ಪೇಸ್ಲಿಪ್ ಎಂಬ ಆ ಸಣ್ಣ ಚೀಟಿಯಲ್ಲಿ ಕಂಪನಿಯ ಲಾಭವೂ ಸಮಾಜದ ಹೊಣೆಯೂ ಅಕ್ಕಪಕ್ಕ ಕೂತಿರುತ್ತವೆ. ಅದಕ್ಕೇ ಅದನ್ನು ಕೊಡದೇ ಇರುವವರು ಇದ್ದಾರೆ.

"ಕೇಳಿದ್ರೆ ಕೆಲಸ ಹೋಗುತ್ತಣ್ಣ" ಅಂತಾನೆ ಅವನು. ಅವನ ಭಯ ನನಗೆ ಅರ್ಥವಾಗುತ್ತದೆ, ತಂಗಿಯ ಕಾಲೇಜು ಫೀಸು ಅವನ ಮೇಲೇ ಇದೆ. ಒಬ್ಬನೇ ಕೇಳಿದರೆ ಕೆಲಸ ಹೋಗಬಹುದು. ಹತ್ತು ಜನ ಒಟ್ಟಿಗೆ ಕೇಳಿದರೆ ಅಷ್ಟು ಸುಲಭ ಅಲ್ಲ.

ಬೇರೆಯವರನ್ನು ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಪಾತ್ರೆ ತೊಳೆಯಲು ಬರುವ ಅಕ್ಕನಿಗೆ ಹುಷಾರಿಲ್ಲದ ದಿನ ಸಂಬಳ ಹಿಡಿಯುತ್ತೇವಾ? ಹಬ್ಬಕ್ಕೆ ಶಾಮಿಯಾನ ಹಾಕಿದವರಿಗೆ, ಅಡುಗೆಗೆ ಬಂದವರಿಗೆ "ನಾಳೆ ಬನ್ನಿ" ಅನ್ನುತ್ತೇವಾ? ಹಿಡಿದಿಟ್ಟ ಕೂಲಿ ದೇವರ ಕಿವಿ ಮುಟ್ಟುವಂತೆ ಕೂಗುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುವುದು ಬರೀ ಕಾರ್ಖಾನೆಯವರಿಗಲ್ಲ.

ಕೊನೆಗೆ ಒಂದು ವಿನಂತಿ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕೆಲಸಕ್ಕೆ ಹೋಗುವ ಎಲ್ಲರೂ ನಿಮ್ಮ ಪೇಸ್ಲಿಪ್ ತನ್ನಿ. ಇಲ್ಲದವರು ಇಲ್ಲ ಎಂದು ಹೇಳಲು ಬನ್ನಿ. ಪಿಎಫ್ ನಂಬರ್, ಇಎಸ್‌ಐ ನಂಬರ್ ಹೇಗೆ ನೋಡುವುದು ಎಂದು ಗೊತ್ತಿರುವವರು ಉಳಿದವರಿಗೆ ಹೇಳಿಕೊಡೋಣ. ಆ ಇಬ್ಬರು ವಾದಿಗಳೂ ಬರಲಿ. ವಾದ ಮುಂದುವರಿಯಲಿ, ಆದರೆ ಈ ಸಲ ಆ ಬ್ಯಾಂಡೇಜ್ ಕಟ್ಟಿದ ಹುಡುಗ ನಮ್ಮ ಮಧ್ಯದಲ್ಲಿ ಕೂತಿರಲಿ.