ರಿಮೋಟ್ ಯಾರ ಕೈಯಲ್ಲಿದೆ?

2014ರ ಜೂನ್ 12ರಂದು ಬ್ರೆಜಿಲ್‌ನ ಸಾವ್ ಪಾವ್ಲೊ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್ ಉದ್ಘಾಟನೆಯಾಯಿತು. ಕಾಲುಗಳಲ್ಲಿ ಸ್ವಾಧೀನವಿಲ್ಲದ ಜೂಲಿಯಾನೊ ಪಿಂಟೊ ಎಂಬ 29 ವರ್ಷದ ಯುವಕ ಯಾಂತ್ರಿಕ ಕವಚ ತೊಟ್ಟು, ಮಿದುಳಿನ ಸಂಕೇತ ಹಿಡಿಯುವ ಟೋಪಿ ಹಾಕಿಕೊಂಡು ಚೆಂಡನ್ನು ಒದ್ದರು. ನರವಿಜ್ಞಾನಿ ಮಿಗೆಲ್ ನಿಕೊಲೆಲಿಸ್ ಅವರ ಈ ಯೋಜನೆಗೆ ಬ್ರೆಜಿಲ್ ಸರ್ಕಾರ ಕೊಟ್ಟದ್ದು ಸುಮಾರು 1.4 ಕೋಟಿ ಡಾಲರ್. ಗಾಲಿಕುರ್ಚಿಯಿಂದ ಎದ್ದವರು ಮೈದಾನದ ನಡುವಿನವರೆಗೆ ನಡೆದುಹೋಗಿ ಒದೆಯುತ್ತಾರೆ ಎಂದು ಮೊದಲು ಹೇಳಲಾಗಿತ್ತು. ನಡೆದದ್ದು ಮೈದಾನದ ಅಂಚಿನಲ್ಲಿ ಒಂದೇ ಒಂದು ಒದೆತ. ಟಿವಿಯಲ್ಲಿ ಅದು ಕಾಣಿಸಿದ್ದು ಕೆಲವೇ ಸೆಕೆಂಡು.

ಆ ವಿಜ್ಞಾನಿಗಳ ಕೆಲಸ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದು ವರ್ಷ ತರಬೇತಿ ಪಡೆದ ಎಂಟು ಮಂದಿಗೆ ಸ್ಪರ್ಶಜ್ಞಾನ ಮತ್ತು ಸ್ನಾಯುಗಳ ಹಿಡಿತ ಅಷ್ಟಿಷ್ಟು ಮರಳಿತೆಂದು 2016ರಲ್ಲಿ ಅದೇ ತಂಡ ಪ್ರಕಟಿಸಿತು. ಬೆಲೆಬಾಳುವ ಸಂಗತಿ ಅದು. ಆದರೆ ಅದಕ್ಕೆ ಕ್ರೀಡಾಂಗಣ ಬೇಕಿರಲಿಲ್ಲ, ನಿಗದಿತ ದಿನಾಂಕವೂ ಬೇಕಿರಲಿಲ್ಲ. ದಿನಾಂಕ ಬೇಕಾಗಿದ್ದದ್ದು ಪ್ರದರ್ಶನಕ್ಕೆ. ಅಂಗವಿಕಲರ ಹೆಸರಿನಲ್ಲಿ ನಡೆಯುವ ರೋಬಾಟ್ ಪ್ರದರ್ಶನಗಳ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ: ಅಂಗವಿಕಲರು ಅಲ್ಲಿ ತೋರಿಸುವ ವಸ್ತುವಾಗುತ್ತಾರೆ, ಉಳಿದವರೆಲ್ಲ ಚಪ್ಪಾಳೆ ತಟ್ಟುವವರಾಗುತ್ತಾರೆ. ಏನು ಮಾಡಬೇಕು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬ ತೀರ್ಪು ಮಾತ್ರ ಅವರ ಕೈಗೆ ಬರುವುದೇ ಇಲ್ಲ.

ಇದೇ ತಕರಾರಿಗೆ ಸಿಗುವ ಮಾಮೂಲಿ ಉತ್ತರವೂ ಗೊತ್ತಿದೆ. ಪ್ರದರ್ಶನ ನೋಡಿ ಮಕ್ಕಳಿಗೆ ಸ್ಫೂರ್ತಿ ಬರುತ್ತದೆ, ಹೂಡಿಕೆದಾರರ ಕಣ್ಣಿಗೆ ಬೀಳುತ್ತದೆ, ಇವತ್ತಿನ ಆಟಿಕೆ ನಾಳಿನ ಸಾಧನವಾಗುತ್ತದೆ. ಪ್ರದರ್ಶನ ಬೇಡ ಎಂದು ನಾನೂ ಹೇಳುವುದಿಲ್ಲ. ಯಾವ ಬಗೆಯ ಪ್ರದರ್ಶನ ಎಂಬುದಷ್ಟೇ ಪ್ರಶ್ನೆ.

2016ರ ಅಕ್ಟೋಬರಿನಲ್ಲಿ ಜ್ಯೂರಿಕ್ ಬಳಿ, ಸಾಧನ ಬಳಸುವ ಅಂಗವಿಕಲರೇ ಸ್ಪರ್ಧಿಸುವ ಸೈಬಾಥ್ಲಾನ್ ನಡೆಯಿತು. ಇಟಿಎಚ್ ಜ್ಯೂರಿಕ್ ಸಂಸ್ಥೆಯ ರಾಬರ್ಟ್ ರೀನರ್ ಅವರ ಕಲ್ಪನೆ ಅದು. ಅಲ್ಲೂ ಪ್ರೇಕ್ಷಕರಿದ್ದರು, ಕ್ಯಾಮೆರಾಗಳಿದ್ದವು, ಕೃತಕ ಕೈಗಳ ಸ್ಪರ್ಧೆಯಲ್ಲಿ ಕಂಪ್ಯೂಟರ್ ತುಂಬಿದ, ಬೆರಳು ಒಂದೊಂದೂ ಬೇರೆಬೇರೆಯಾಗಿ ಆಡುವ ಕೈಗಳು ಬಂದಿದ್ದವು. ಆದರೆ ಕೊಟ್ಟ ಕೆಲಸಗಳು ಮನೆಯವು: ಹಗ್ಗದ ಮೇಲೆ ಬಟ್ಟೆ ಒಣಹಾಕಿ ಕ್ಲಿಪ್ ಹಾಕುವುದು, ಬ್ರೆಡ್ ಕೊಯ್ಯುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಬಲ್ಬ್ ಬದಲಿಸುವುದು, ತಟ್ಟೆ ತುಂಬ ಸಾಮಾನಿಟ್ಟುಕೊಂಡು ನಡೆಯುವುದು. ಗೆದ್ದವರು ಬಾಬ್ ರಾಡೊಸಿ. ಅವರ ಕೈಯಲ್ಲಿ ಮೋಟರಿಲ್ಲ, ಬ್ಯಾಟರಿಯಿಲ್ಲ. ಹೆಗಲು ಅಲುಗಾಡಿಸಿದರೆ ಕೇಬಲ್ ಎಳೆದುಕೊಂಡು ಬಿಗಿಯುವ ಒಂದು ಕೊಕ್ಕೆ ಅಷ್ಟೆ. ಕೈ ಕಳೆದುಕೊಂಡಿದ್ದ ರಾಡೊಸಿ ಇಂಥ ಸಾಧನಗಳನ್ನು ತಾವೇ ವಿನ್ಯಾಸ ಮಾಡಿ, ತಯಾರಿಸುವ ಕಂಪನಿಯನ್ನೂ ಕಟ್ಟಿದವರು. ಬಟ್ಟೆಯ ಕ್ಲಿಪ್ ಎಷ್ಟು ಬಿಗಿಯಾಗಿದೆ ಎಂಬುದು ಕೇಬಲ್ ಮೂಲಕ ಅವರ ಹೆಗಲಿಗೆ ತಿಳಿಯುತ್ತಿತ್ತು. ಮೋಟರ್ ಕೈ ತೊಟ್ಟವರು ಅದನ್ನು ಕಣ್ಣಲ್ಲಿ ನೋಡಿಯೇ ಅಂದಾಜು ಮಾಡಬೇಕಿತ್ತು. ಹಾಗೆಂದು ಮೋಟರ್ ಕೈ ದಂಡವೆಂದು ಅರ್ಥವಲ್ಲ. ಬಳಸುವವರು ಅಳತೆಗೋಲು ಹಿಡಿದರೆ ಫಲಿತಾಂಶ ಬೇರೆ ಬರುತ್ತದೆ, ಮತ್ತು ಆ ಫಲಿತಾಂಶದಿಂದ ಎಂಜಿನಿಯರುಗಳು ಕಲಿಯುವುದು ಬಹಳ ಇರುತ್ತದೆ.

ಈಗ ನಮ್ಮ ಊರಿಗೆ ಬರೋಣ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನ ನೋಡಿದವರಿಗೆಲ್ಲ 'ಸ್ಮಾರ್ಟ್ ಬ್ಲೈಂಡ್ ಸ್ಟಿಕ್' ಪರಿಚಿತ. ಪಿವಿಸಿ ಪೈಪು, ಅದಕ್ಕೆ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿದ ಆರ್ಡುಯಿನೊ ಬೋರ್ಡು, ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್, ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಬಜರ್. ಎದುರಿಗೆ ಏನಾದರೂ ಬಂದರೆ ಕೂಗುತ್ತದೆ. ಅಂಥದೊಂದು ಪ್ರದರ್ಶನದಲ್ಲಿ ಹುಡುಗನೊಬ್ಬ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ನಡೆದು ತೋರಿಸಿದ. ಗೋಡೆ ಹತ್ತಿರ ಬಂದಾಗ ಕೋಲು ಕೂಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಜೊತೆ ಬಂದಿದ್ದ ಅಂಧ ಮೇಷ್ಟ್ರೊಬ್ಬರು ಕೋಲನ್ನು ಕೇಳಿ ಪಡೆದು ಕಾರಿಡಾರಿನಲ್ಲಿ ಹತ್ತಾರು ಹೆಜ್ಜೆ ಹಾಕಿದರು. ಜನ ಓಡಾಡುತ್ತಿದ್ದ ಜಾಗ. ಕೋಲು ಬಾಯಿ ಮುಚ್ಚಲೇ ಇಲ್ಲ.

"ತಮ್ಮಾ, ಇದು ಹೀಗೆ ಕೂಗ್ತಾ ಇದ್ರೆ ಹಿಂದೆ ಬರೋ ಆಟೋ ನನಗೆ ಹೇಗಪ್ಪಾ ಕೇಳ್ಸುತ್ತೆ?" ಎಂದರು.

"ಸರ್, ವಾಲ್ಯೂಮ್ ಕಮ್ಮಿ ಮಾಡ್ಬಹುದು," ಎಂದ ಹುಡುಗ.

"ವಾಲ್ಯೂಮ್ ಆಮೇಲಿರ್ಲಿ, ಮೊದ್ಲು ತೂಕ ಕಮ್ಮಿ ಮಾಡಿ. ದಿನವೆಲ್ಲಾ ಇದನ್ನ ಆಡ್ಸಿದ್ರೆ ಮಣಿಕಟ್ಟು ಬಿದ್ದುಹೋಗುತ್ತೆ."

ಹುಡುಗರು ಒಳ್ಳೆಯವರು, ತಿಂಗಳುಗಟ್ಟಲೆ ಆ ಕೋಲಿನ ಮೇಲೆ ಕೂತಿದ್ದವರು. ಅಷ್ಟೂ ದಿನದಲ್ಲಿ ಅವರಿಗೆ ಈ ಎರಡು ಮಾತು ಹೇಳುವ ಒಬ್ಬ ಅಂಧರನ್ನೂ ಯಾರೂ ಭೇಟಿ ಮಾಡಿಸಿರಲಿಲ್ಲ. ಬಿಳಿ ಕೋಲಿನ ತುದಿ ನೆಲ ಮುಟ್ಟಿದಾಗ ಹೇಳುವ ಸುದ್ದಿ ಎಷ್ಟು ಎಂಬುದು ಬಳಸುವವರಿಗೇ ಗೊತ್ತು. ಇದು ಕಲ್ಲುಚಪ್ಪಡಿ, ಇದು ಮಣ್ಣು, ಇಲ್ಲಿ ಫುಟ್‌ಪಾತ್ ಮುಗಿಯಿತು, ಇಲ್ಲಿ ಚಪ್ಪಡಿ ಅಲುಗುತ್ತಿದೆ. ಮುಂದಕ್ಕೆ ಮುಖ ಮಾಡಿದ ಸೆನ್ಸರ್‌ಗೆ ಗೋಡೆ ಕಾಣುತ್ತದೆ, ಚಪ್ಪಡಿಯೇ ಇಲ್ಲದ ಚರಂಡಿ ಕಾಣುವುದಿಲ್ಲ. ಬೆಂಗಳೂರಿನ ಫುಟ್‌ಪಾತಿನಲ್ಲಿ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅದೇ ಕೋಲು ಮುಂದಿನ ಬ್ಯಾಚಿನಲ್ಲಿ ಮತ್ತೆ ಹುಟ್ಟುತ್ತದೆ, ಮತ್ತೆ ಬಹುಮಾನ ಪಡೆಯುತ್ತದೆ, ಮತ್ತೆ ಬೀರುವಿನ ಮೇಲೆ ಹೋಗಿ ಕೂರುತ್ತದೆ.

ಇದೇ ಕಲ್ಪನೆಯನ್ನು ಸರಿಯಾಗಿ ಮಾಡಿದವರು ನಮ್ಮ ದೇಶದಲ್ಲೇ ಇದ್ದಾರೆ. ದೆಹಲಿ ಐಐಟಿಯ 'ಸ್ಮಾರ್ಟ್‌ಕೇನ್' ಕೂಡ 2005ರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿಯೇ ಶುರುವಾಯಿತು. ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ ಸಕ್ಷಮ್ ಟ್ರಸ್ಟ್ ಮೂಲಕ ಅಂಧ ಬಳಕೆದಾರರ ಜೊತೆ ವರ್ಷಗಟ್ಟಲೆ ಕೂತಿತು. ಬಿಳಿ ಕೋಲು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಅದನ್ನು ಮುಟ್ಟಬೇಡಿ, ಮೊಣಕಾಲಿಗಿಂತ ಮೇಲೆ ಬಂದು ಹೊಡೆಯುವ ವಸ್ತುಗಳೇ ನಮಗೆ ತೊಂದರೆ ಎಂಬುದು ಅಲ್ಲಿ ತಿಳಿದ ಸಂಗತಿ. ತೆರೆದಿಟ್ಟ ಕಿಟಕಿಯ ಬಾಗಿಲು, ನಿಂತ ಲಾರಿಯ ಹಿಂಭಾಗ, ತಗ್ಗಿದ ಕೊಂಬೆ. ಆದ್ದರಿಂದ ಮಡಚುವ ಬಿಳಿ ಕೋಲಿನ ಹಿಡಿಕೆಯಾಗಿ ಸೇರುವ ಸಾಧನ ಬಂತು. ಅದು ಕೂಗುವುದಿಲ್ಲ, ಕಂಪಿಸಿ ಅಂಗೈಗೆ ತಿಳಿಸುತ್ತದೆ, ಕಿವಿಯನ್ನು ರಸ್ತೆಗೆ ಬಿಡುತ್ತದೆ. ಮಾರುಕಟ್ಟೆಗೆ ಬಂದದ್ದು 2014ರಲ್ಲಿ, ಸುಮಾರು ಮೂರು ಸಾವಿರ ರೂಪಾಯಿಗೆ. ಶುರುವಿನಿಂದ ಮಾರಾಟದವರೆಗೆ ಒಂಬತ್ತು ವರ್ಷ. ಒಂದು ಸೆಮಿಸ್ಟರಿನ ಲೆಕ್ಕಕ್ಕೆ ಇದು ಸಿಗುವುದಿಲ್ಲ.

ಕಿವುಡರಿಗಾಗಿ ಮಾಡುವ ಕೈಗವಸಿನ ಕಥೆ ಇದಕ್ಕಿಂತ ಬೇಸರದ್ದು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಸಂಜ್ಞೆ ಭಾಷೆಯನ್ನು ಮಾತಾಗಿಸುವ 'ಸೈನ್‌ಅಲೌಡ್' ಗವಸಿಗೆ ಹತ್ತು ಸಾವಿರ ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ ಪಡೆದರು. ಪತ್ರಿಕೆಗಳು ಹೊಗಳಿದವು. ಕಿವುಡರು ಮತ್ತು ಭಾಷಾತಜ್ಞರು ಬಹಿರಂಗವಾಗಿ ಪ್ರತಿಭಟಿಸಿದರು. ಸಂಜ್ಞೆ ಭಾಷೆಯ ವ್ಯಾಕರಣ ಬರೀ ಬೆರಳಲ್ಲಿ ಇಲ್ಲ. ಪ್ರಶ್ನೆಯೋ, ನಿರಾಕರಣೆಯೋ ಎಂಬುದು ಹುಬ್ಬಿನಲ್ಲಿ, ತಲೆಯ ಅಲುಗಾಟದಲ್ಲಿ, ಭುಜದ ತಿರುವಿನಲ್ಲಿ ಇದೆ. ಗವಸಿಗೆ ಮುಖ ಕಾಣುವುದಿಲ್ಲ. ಅದಕ್ಕೂ ಮಿಗಿಲಾಗಿ, ಗವಸು ತೊಡಬೇಕಾದವರು ಕಿವುಡರು, ಅನುಕೂಲ ಆಗುವುದು ಕೇಳುವವರಿಗೆ. ಎದುರಿನವರು ಆಡುವುದನ್ನು ಕಿವುಡರಿಗೆ ತಿಳಿಸಲು ಗವಸಿನಲ್ಲಿ ಏನೂ ಇಲ್ಲ. ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಸಂಜ್ಞೆ ಭಾಷೆಯ ಒಬ್ಬ ದುಭಾಷಿ ಇರಲಿ ಎಂದು ಕಿವುಡರು ಕೇಳುತ್ತಲೇ ಇದ್ದಾರೆ. ಆ ಬೇಡಿಕೆಗೆ ಬಹುಮಾನ ಕೊಡುವ ಸ್ಪರ್ಧೆಯನ್ನು ನಾನು ಕಂಡಿಲ್ಲ.

ಇನ್ನು ವಿಜ್ಞಾನ ಕೇಂದ್ರಗಳು. ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ರೋಬಾಟಿಕ್ಸ್ ಗ್ಯಾಲರಿ ತೆರೆಯಿತು. ಇಂಥವು ಇನ್ನೂ ಬರುತ್ತವೆ, ಬರಲಿ. ಆದರೆ ರೋಬಾಟ್ ಆಡಿಸುವ ಟಚ್‌ಸ್ಕ್ರೀನ್ ನಿಂತವರ ಎದೆಯ ಎತ್ತರದಲ್ಲಿದ್ದರೆ, ಮೇಜಿನ ಕೆಳಗೆ ಗಾಲಿಕುರ್ಚಿಯವರ ಮೊಣಕಾಲು ಹೋಗುವಷ್ಟು ಜಾಗ ಇಲ್ಲದಿದ್ದರೆ, ಗುಂಡಿಗಳಿಗೆ ಉಬ್ಬಿಲ್ಲದಿದ್ದರೆ, ಅಲ್ಲಿ 'ಅಂಗವಿಕಲರಿಗೆ ನೆರವಾಗುವ ರೋಬಾಟ್' ಎಂಬ ಫಲಕ ನೇತುಹಾಕುವುದು ಅನ್ಯಾಯ. ಎಲ್ಲರಿಗೂ ಒದಗುವಂತೆ ಮಾಡಿದರೆ ಉಳಿದವರಿಗೆ ಸಪ್ಪೆಯಾಗುತ್ತದೆ ಎಂಬ ಭಯವೊಂದಿದೆ. ಬೋಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ 1980ರ ದಶಕದಲ್ಲೇ ಆ ಭಯ ಕಳೆದಿದೆ. ಗಾಜಿನ ಹಿಂದಿದ್ದ ಪ್ರಾಣಿಗಳ ಹಳೆಯ ದೃಶ್ಯಾವಳಿಗಳಿಗೆ ಅಲ್ಲಿ ಮುಟ್ಟುವ ಮಾದರಿ, ಕೇಳುವ ವಿವರಣೆ, ಮೂಸುವ ವಾಸನೆ ಸೇರಿಸಿದರು. ಗಾಲಿಕುರ್ಚಿಯವರೂ ಅಂಧರೂ ಬಂದರು. ಜೊತೆಗೆ ಉಳಿದ ಸಂದರ್ಶಕರೂ ಮೊದಲಿಗಿಂತ ಹೆಚ್ಚು ಹೊತ್ತು ನಿಂತರು, ಹೆಚ್ಚು ಕಲಿತರು. ಅದರ ಅಧ್ಯಯನ 1991ರಲ್ಲೇ ಪ್ರಕಟವಾಗಿದೆ.

ರೋಬಾಟ್ ಪ್ರದರ್ಶನ ಹೇಗಿರಬಹುದು ಎನ್ನುವವರು ಟೋಕಿಯೊ ನೋಡಬೇಕು. ಕೆಂಟಾರೊ ಯೋಶಿಫುಜಿ ಅವರ ಓರಿಲ್ಯಾಬ್ 2018ರಲ್ಲಿ ತಾತ್ಕಾಲಿಕವಾಗಿ, 2021ರ ಜೂನಿನಿಂದ ಕಾಯಂ ಆಗಿ ನಡೆಸುತ್ತಿರುವ ಕೆಫೆಯಲ್ಲಿ ಬಿಳಿ ರೋಬಾಟ್‌ಗಳು ಕಾಫಿ ತಂದುಕೊಡುತ್ತವೆ, ಗಿರಾಕಿಗಳ ಜೊತೆ ಹರಟುತ್ತವೆ. ಆದರೆ ಮಾತಾಡುತ್ತಿರುವುದು ಕಂಪ್ಯೂಟರ್ ಅಲ್ಲ. ಎಎಲ್‌ಎಸ್ ಎಂಬ ನರರೋಗದಿಂದ, ಬೆನ್ನುಹುರಿಯ ಪೆಟ್ಟಿನಿಂದ ಹಾಸಿಗೆ ಹಿಡಿದವರು ತಮ್ಮ ಮನೆಯಿಂದಲೇ, ಕೆಲವರು ಕಣ್ಣಿನ ಚಲನೆಯಿಂದಲೇ ಅವನ್ನು ನಡೆಸುತ್ತಾರೆ. ಅದಕ್ಕೆ ಸಂಬಳ ಪಡೆಯುತ್ತಾರೆ. ಅದಕ್ಕಿಂತ ಮುಂಚೆ ಯೋಶಿಫುಜಿ ಅವರ ಜೊತೆ ಹಾಸಿಗೆಯಿಂದಲೇ ವರ್ಷಗಟ್ಟಲೆ ಕೆಲಸ ಮಾಡಿ, ರೋಬಾಟ್‌ಗೆ ಕೈ ಬೇಕೆಂದು ಹಟ ಹಿಡಿದವರು ಬಾಲ್ಯದ ಅಪಘಾತದಲ್ಲಿ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಯೂಟಾ ಬಾಂಡಾ. ಕೆಫೆ ತೆರೆಯುವ ಮುಂಚೆ, 2017ರಲ್ಲಿ ಅವರು ತೀರಿಹೋದರು. ಆದರೂ ನನ್ನೊಳಗೆ ಒಂದು ಅಳುಕು ಇದ್ದೇ ಇದೆ: ಮನೆಯಿಂದಲೇ ರೋಬಾಟ್ ನಡೆಸಬಹುದಲ್ಲ ಎಂಬ ನೆಪ ಹೇಳಿ ಬಸ್ಸಿಗೆ ಲಿಫ್ಟ್ ಹಾಕಿಸದ ಆಡಳಿತಗಳು ಹುಟ್ಟಬಾರದು. ಮನೆಯಿಂದ ದುಡಿಯುವುದು ಅವರ ಆಯ್ಕೆಯಾಗಿರಬೇಕು, ಹೊರಗೆ ಬರಲಾಗದ ಶಿಕ್ಷೆಯಾಗಬಾರದು.

ಪ್ರದರ್ಶನ ಮುಗಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅಮೆರಿಕದ ಸೆಕೆಂಡ್ ಸೈಟ್ ಕಂಪನಿ 'ಆರ್ಗಸ್ 2' ಎಂಬ ಕೃತಕ ರೆಟಿನಾ ಮಾಡಿತು. 2013ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ, ಜಗತ್ತಿನೆಲ್ಲೆಡೆ ಶ್ಲಾಘನೆ, ಸುಮಾರು 350 ಮಂದಿಯ ಕಣ್ಣೊಳಗೆ ಅಳವಡಿಕೆ, ಬೆಲೆ ಒಂದೂವರೆ ಲಕ್ಷ ಡಾಲರ್ ಆಸುಪಾಸು. 2019ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು, 2020ರಲ್ಲಿ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಸಾಧನ ಕೆಟ್ಟವರಿಗೆ ಫೋನ್ ಎತ್ತುವವರೂ ಇಲ್ಲವಾದರು. ಅದಕ್ಕೂ ಮೊದಲೇ, ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದ ಮಹಿಳೆಯೊಬ್ಬರ ಕಣ್ಣೊಳಗಿನ ಸಾಧನ ಬೀಪ್ ಎಂದು ಆರಿಹೋಗಿತ್ತು. ಕೆಟ್ಟ ಯಂತ್ರ ವರ್ಷಗಳ ನಂತರವೂ ಅವರ ದೇಹದೊಳಗೇ ಇತ್ತು.

ನಮ್ಮಲ್ಲಿ ಇದರ ರೂಪ ಬೇರೆ. ಡಿಸೆಂಬರ್ 3ರಂದು ವಿಶ್ವ ಅಂಗವಿಕಲರ ದಿನಾಚರಣೆ, ವೇದಿಕೆ, ತ್ರಿಚಕ್ರ ವಾಹನ ವಿತರಣೆ, ಸಾಲಾಗಿ ನಿಲ್ಲಿಸಿ ಫೋಟೊ. ಮಳೆಗಾಲ ಕಳೆಯುವಷ್ಟರಲ್ಲಿ ಬೇರಿಂಗ್ ಹಿಡಿಯುತ್ತದೆ, ಬಿಡಿಭಾಗ ಊರಿನ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ, ವಾಹನ ದನದ ಕೊಟ್ಟಿಗೆ ಸೇರುತ್ತದೆ. ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ ಯಾವ ಗಾಡಿ ತುಕ್ಕು ಹಿಡಿಯುತ್ತಿದೆ ಎಂಬುದು ನಮ್ಮ ಗ್ರಾಮ ಪಂಚಾಯಿತಿಗಳ ವಿಆರ್‌ಡಬ್ಲ್ಯುಗಳಿಗೆ ಬಾಯಿಪಾಠ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ಅವರೂ ಅಂಗವಿಕಲರೇ, ಸಣ್ಣ ಗೌರವಧನಕ್ಕೆ ದುಡಿಯುವವರು. ವಿನ್ಯಾಸ ಮಾಡುವಾಗ ಕೇಳಲು ಅಂಗವಿಕಲರು ಎಲ್ಲಿ ಸಿಗುತ್ತಾರೆ ಎನ್ನುವ ಪ್ರಾಧ್ಯಾಪಕರಿಗೆ ನನ್ನ ಉತ್ತರ ಇದೇ: 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಪಂಚಾಯಿತಿ ಕಚೇರಿಗೆ ಹೋಗಿ ವಿಆರ್‌ಡಬ್ಲ್ಯು ಯಾರೆಂದು ಕೇಳಿ. ಅವರ ಸಮಯಕ್ಕೆ ದುಡ್ಡು ಕೊಡಿ. ಎಂಜಿನಿಯರ್ ಸಲಹೆಗಾರರಿಗೆ ಕೊಡುವಾಗ ಯಾರೂ ಚೌಕಾಶಿ ಮಾಡುವುದಿಲ್ಲ.

ಕಾನೂನೇನೂ ಇಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರಿಗೂ ಒದಗುವಂತೆ ಮಾಡಬೇಕೆಂದಿತು. ನಿಯಮಗಳು ಬಂದದ್ದು 2017ರ ಜೂನಿನಲ್ಲಿ, ಗಡುವು 2022ಕ್ಕೇ ಮುಗಿದಿದೆ. ದೃಷ್ಟಿಹೀನರಾದ ರಾಜೀವ್ ರತೂರಿ 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟು, ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದಿತು, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಹೇಳಿತು. ರ‍್ಯಾಂಪ್ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು ಎಂಬಂಥ ಲೆಕ್ಕಗಳು ಕೇಂದ್ರದ 2021ರ ಮಾರ್ಗಸೂಚಿಯಲ್ಲಿ ಮೊದಲೇ ಇವೆ. ಇದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಸಿಮೆಂಟು ಮತ್ತು ಮನಸ್ಸು ಸಾಕು.

ಆದ್ದರಿಂದ ಸರ್ಕಾರಕ್ಕೆ, ವಿಶ್ವವಿದ್ಯಾಲಯಗಳಿಗೆ, ವಿಜ್ಞಾನ ಕೇಂದ್ರಗಳಿಗೆ ನನ್ನ ಒತ್ತಾಯ ನೇರವಾದದ್ದು. ಸಾರ್ವಜನಿಕ ಹಣದಲ್ಲಿ ಅಂಗವಿಕಲರ ಹೆಸರಿನ ಪ್ರಾಜೆಕ್ಟ್ ಅಥವಾ ಗ್ಯಾಲರಿ ಮಾಡುವುದಾದರೆ, ಅರ್ಜಿ ಬರೆಯುವ ದಿನದಿಂದಲೇ ಅಂಗವಿಕಲರು ಸಂಬಳದ ಮೇಲೆ ತಂಡದಲ್ಲಿರಲಿ, ಬೇಡ ಎನ್ನುವ ಅಧಿಕಾರವೂ ಅವರಿಗಿರಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಡೆಮೊಗೆ ಅಂಕ ಕೊಡುವುದನ್ನು ನಿಲ್ಲಿಸಿ. ಟೆಂಡರಿನಲ್ಲಿ ಐದು ವರ್ಷದ ರಿಪೇರಿಯ ಹಣವನ್ನು ಬೇರೆಯಾಗಿ ತೆಗೆದಿಡಿ. ಕಟ್ಟಡ ಎಲ್ಲರಿಗೂ ಒದಗದಿದ್ದರೆ ಪೂರ್ಣಗೊಂಡ ಪ್ರಮಾಣಪತ್ರ ಕೊಡಬಾರದೆಂದು ಅದೇ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಮುಂದಿನ ರೋಬಾಟ್ ಗ್ಯಾಲರಿಯ ಕಡತ ಮೇಜಿಗೆ ಬಂದಾಗ ಅಧಿಕಾರಿಗಳು ಆ ಕಲಂ ಓದಿಕೊಂಡು, ಒಬ್ಬ ಗಾಲಿಕುರ್ಚಿಯವರನ್ನೂ ಒಬ್ಬ ಅಂಧರನ್ನೂ ಜೊತೆಗೆ ಕರೆದುಕೊಂಡು ಹೋಗಿ ಕಟ್ಟಡ ನೋಡಲಿ. ಅವರಿಬ್ಬರೂ ಒಪ್ಪಿದ ಮೇಲೆ ಸಹಿ ಹಾಕಲಿ.