ಅಂಗಳವಿಲ್ಲದ ಅಂಗನವಾಡಿ

ಹೆಸರು ಒಂದನ್ನು ಹೇಳುವುದು, ನಡೆ ಇನ್ನೊಂದನ್ನು ತೋರುವುದು ನಮ್ಮ ಸಾರ್ವಜನಿಕ ಸಂಸ್ಥೆಗಳಿಗೆ ಹೊಸದಲ್ಲ. ಆದರೆ ಈ ವಿಸಂಗತಿಯು ಮೂರು ವರ್ಷದ ಕೂಸಿನ ಬಾಳಿಗೆ ತಗುಲಿದಾಗ ನೋಡಿಯೂ ನೋಡದಂತಿರುವುದು ಪತ್ರಿಕೆಯ ಧರ್ಮವಲ್ಲ. ಅಂಗಣವೆಂದರೆ ಅಂಗಳ, ಅದರಿಂದಲೇ ಅಂಗನವಾಡಿ ಎಂಬ ಹೆಸರು. ಹೆಸರಿಟ್ಟವರ ಮನಸ್ಸಿನಲ್ಲಿ ಮನೆಯ ಮುಂದಿನ ಬಯಲು, ಎಳೆಬಿಸಿಲು, ನೆರಳು, ಆಟ, ಹಾಡು ಇವೆಲ್ಲವೂ ಇದ್ದಿರಬೇಕು. ಇಂದು ಅನೇಕ ಕಡೆಗಳಲ್ಲಿ ಆ ಹೆಸರಿನ ಕೆಳಗೆ ಉಳಿದಿರುವುದು ಒಂದು ಕೋಣೆ, ಒಂದು ಚಾಪೆ, ಗೋಡೆಗೆ ಅಂಟಿಸಿದ ಒಂದು ಅಕ್ಷರಮಾಲೆ. ಅಂಗಳವು ಫಲಕದ ಮೇಲೆ ಮಾತ್ರ ಇರುವುದು.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯು ಮಳೆಯನ್ನೂ ರಾಗಿಯನ್ನೂ ನಂಬಿದ ಸೀಮೆ. ಕೆಮ್ಮಣ್ಣಿನ ಹೊಲ, ಬದುವಿನ ಮೇಲೆ ಹೊಂಗೆ, ಊರ ಮುಂದೆ ಅರಳಿಕಟ್ಟೆ, ಕೆರೆಯಂಗಳದ ಜೇಡಿ. ಮಗುವಿಗೆ ಬೇಕಾದುದನ್ನು ಪ್ರಕೃತಿಯು ಅಲ್ಲಿ ಬೆಲೆ ಕೇಳದೆ ಇಟ್ಟಿರುವಳು. ಮೊನ್ನೆ ಕಾರ್ಯಾಂತರದಿಂದ ಆ ಕಡೆಗೆ ಹೋಗಿದ್ದಾಗ ಒಂದು ಹಳ್ಳಿಯಲ್ಲಿ ನಾವು ಎರಡು ದೃಶ್ಯಗಳನ್ನು ಕಂಡೆವು. ಕೋಣೆಯೊಳಗೆ ಹತ್ತು ಹನ್ನೆರಡು ಮಕ್ಕಳು ಕೈಕಟ್ಟಿ ಕುಳಿತು, ತಾವೆಂದೂ ಕಾಣದ ಹಿಮದ ವಿಷಯವಾಗಿ, ತಮಗೆ ತಿಳಿಯದ ಇಂಗ್ಲಿಷಿನಲ್ಲಿ ಕಟ್ಟಿದ ಪದ್ಯವೊಂದನ್ನು ಒಪ್ಪಿಸುತ್ತಿದ್ದರು. ಹೊರಗೆ, ಹೊಂಗೆಯ ನೆರಳಿನಲ್ಲಿ, ಅಕ್ಕನ ಕಂಕುಳಿಂದ ಇಳಿದ ಒಂದು ಹುಡುಗಿಯು ಜಗಲಿಯ ಕಲ್ಲಿನ ಮೇಲೆ ಇದ್ದಲಿನಿಂದ ಗೀಟೆಳೆದು, ಅದು ತಮ್ಮ ಮನೆಯ ಎಮ್ಮೆಯೆಂದು ತನಗೆ ತಾನೇ ರಾಗವಾಗಿ ಹಾಡಿಕೊಳ್ಳುತ್ತಿದ್ದಳು. ಒಳಗಿನವರು ಕಲಿಯುತ್ತಿರುವರೆಂದೂ ಹೊರಗಿನವಳು ಹಾಳಾಗುತ್ತಿರುವಳೆಂದೂ ನಮ್ಮ ಜೊತೆಯಲ್ಲಿದ್ದವರು ನುಡಿದರು. ನಮಗೆ ಹಾಗೆ ತೋರಲಿಲ್ಲ.

ಶಿಶುಶಿಕ್ಷಣದ ಮೂಲಪುರುಷರಲ್ಲೊಬ್ಬನಾದ ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಸಂಸ್ಥೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಮಕ್ಕಳ ತೋಟವೆಂದು ಅದರ ಅರ್ಥ. ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಮಕ್ಕಳು ಪಾತಿ ಮಾಡಿ ಗಿಡ ಬೆಳೆಸುವುದು ಅವನ ಪದ್ಧತಿಯ ಒಂದು ಅಂಗವಾಗಿತ್ತು. ತಾಯಂದಿರು ಮಕ್ಕಳನ್ನಾಡಿಸುತ್ತ ಹಾಡುವ ಹಾಡುಗಳ ಪುಸ್ತಕವನ್ನೂ ಅವನು 1844ರಲ್ಲಿ ಪ್ರಕಟಿಸಿದನು. ಇಂದು ತಂದೆತಾಯಿಗಳು ಸಾಲಮಾಡಿಯಾದರೂ ಮಗುವನ್ನು ಸೇರಿಸಲು ಹಂಬಲಿಸುವ ಎಲ್.ಕೆ.ಜಿ. ಎಂಬ ಮೂರಕ್ಷರಗಳಲ್ಲಿ ಕೊನೆಯ ಎರಡು ಈ ತೋಟದ ಹೆಸರೇ ಆಗಿವೆ. ಖಾಸಗಿಯವರು ತೋಟವನ್ನು ಬಿಟ್ಟು ಹೆಸರನ್ನುಳಿಸಿಕೊಂಡರು. ಸರಕಾರದವರು ಅಂಗಳವನ್ನು ಬಿಟ್ಟು ಹೆಸರನ್ನುಳಿಸಿಕೊಂಡರು.

ಈ ವಿಚಾರವು ನಮ್ಮ ದೇಶಕ್ಕೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು, ಮರದಡಿಯಲ್ಲಿ ಪಾಠ ನಡೆಸಿ, ಹಾಡನ್ನೂ ಚಿತ್ರವನ್ನೂ ಗಣಿತದ ಪಕ್ಕದಲ್ಲಿಯೇ ಕುಳ್ಳಿರಿಸಿದರು. ಗಿಜುಭಾಯಿ ಬಧೇಕರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಕನ್ನಡನಾಡಿನಲ್ಲಿ ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳ ಬಾಯಿಗೆ ಹಾಡನ್ನಿತ್ತರು, ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟಪಾಠಗಳ ಪ್ರಯೋಗವನ್ನು ನಡೆಸಿದರು, ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮೈಸೂರಿನ ರಂಗಾಯಣವು ಬೇಸಗೆಯಲ್ಲಿ ಚಿನ್ನರ ಮೇಳವನ್ನು ನಡೆಸಿಕೊಂಡು ಬಂದಿದೆ. ಇವೆಲ್ಲವೂ ಸ್ತುತ್ಯ. ಆದರೆ ಪಟ್ಟಣಕ್ಕೆ ಬರಲಾರದ, ಶುಲ್ಕ ತೆರಲಾರದ, ಇನ್ನೂ ಆರು ತುಂಬದ ಹಳ್ಳಿಯ ಬಡ ಮಗುವಿನ ಪಾಲಿಗೆ ಅಂಗನವಾಡಿಯೊಂದೇ ಗತಿ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರದವರು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾರಂಭಿಸಿದರು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. 2025ಕ್ಕೆ ಅದರ ಅರ್ಧಶತಮಾನವು ತುಂಬಿತು. ಹಸಿದ ಮಕ್ಕಳಿಗೆ ಅನ್ನವನ್ನೂ, ಗರ್ಭಿಣಿ ಬಾಣಂತಿಯರಿಗೆ ಪೋಷಣೆಯನ್ನೂ ಅದು ತಲಪಿಸಿದೆ. ಈ ಉಪಕಾರವನ್ನು ಮರೆಯುವವನು ಕೃತಘ್ನನೇ ಸರಿ. ಆದರೆ ಮೂರರಿಂದ ಆರು ವರ್ಷದವರೆಗಿನ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಆ ಯೋಜನೆಯ ಒಂದು ಕರ್ತವ್ಯವೇ. ಹೊಟ್ಟೆಯ ಲೆಕ್ಕವನ್ನು ಮೇಲಧಿಕಾರಿಗಳು ಕೇಳುವರು. ಕಣ್ಣು, ಕಿವಿ, ಬೆರಳುಗಳ ಲೆಕ್ಕವನ್ನು ಯಾರೂ ಕೇಳುವಂತಿಲ್ಲ.

2024ರಲ್ಲಿ ಈ ಶಿಶುತರಗತಿಗಳು ಸರಕಾರಿ ಶಾಲೆಯಲ್ಲಿ ನಡೆಯಬೇಕೋ ಅಂಗನವಾಡಿಯಲ್ಲಿ ನಡೆಯಬೇಕೋ ಎಂಬ ವಿವಾದವೆದ್ದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿಯಬೇಕಾಯಿತು. ಅವರ ಅಳಲು ನ್ಯಾಯವಾದುದೇ. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಯಾವ ಸೂರಿನ ಕೆಳಗೆ ಎಂಬ ಪ್ರಶ್ನೆಯು ಇಷ್ಟು ಕೋಲಾಹಲವನ್ನೆಬ್ಬಿಸಿತು. ಈ ವಯಸ್ಸಿನ ಮಗುವು ಇಡೀ ದಿವಸ ಸೂರಿನ ಕೆಳಗೇ ಇರಬೇಕೇ ಎಂಬ ಪ್ರಶ್ನೆಯನ್ನು ಎರಡು ಪಕ್ಷದವರಲ್ಲಿ ಯಾರೂ ಎತ್ತಿದಂತೆ ಕಾಣಲಿಲ್ಲ.

ಹಾಡು, ಬಣ್ಣ, ಮಣ್ಣು ಇವುಗಳಿಂದ ಅನ್ನ ಹುಟ್ಟೀತೇ ಎಂದು ಕೇಳುವವರುಂಟು. ಅಂಥವರು ಸ್ವಲ್ಪ ಸಾವಧಾನದಿಂದ ನೋಡತಕ್ಕದ್ದು. ಜೇಡಿಮಣ್ಣನ್ನು ನಾದಿ ಎತ್ತು ಮಾಡುವ ಮಗುವಿನ ಬೆರಳುಗಳಿಗೆ ಬಳಪವನ್ನು ಹಿಡಿಯುವ ಬಲವು ಬರುವುದು. ಕೋಲಾಟದ ಪೆಟ್ಟಿಗೆ ಹೆಜ್ಜೆ ಹಾಕುವ ಮಗುವಿಗೆ ಎಣಿಕೆಯು ಕಾಲಿನಿಂದಲೇ ತಲೆಗೇರುವುದು. ಪ್ರಾಸವಿಟ್ಟು ಹಾಡುವ ಮಗುವಿನ ಕಿವಿಯು ಪದವನ್ನು ಅಕ್ಷರಗಳಾಗಿ ಬಿಡಿಸಲು ಕಲಿಯುವುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ವಿದ್ಯಾ ಇಲಾಖೆಯವರೇ ಒಪ್ಪಿ ರಾಜ್ಯಕ್ಕೆಲ್ಲ ಹರಡಿದರಷ್ಟೆ. ಏಳು ವರ್ಷದ ಹುಡುಗನಿಗೆ ನಲಿವು ಕಲಿವಿನ ದಾರಿಯೆಂದಾದರೆ, ನಾಲ್ಕು ವರ್ಷದವನಿಗೆ ಅದು ಹೇಗೆ ಕಾಲಹರಣವಾದೀತು?

ಇದಕ್ಕೆ ಹಣದ ಥೈಲಿಯೇನೂ ಬೇಕಾಗಿಲ್ಲ. ಕೆಮ್ಮಣ್ಣು, ಸುಣ್ಣ, ಇದ್ದಲು, ಅರಿಶಿನ, ಬಸಳೆಯ ಹಣ್ಣು, ಕಾಲಕ್ಕೆ ತಕ್ಕಂತೆ ಮುತ್ತುಗದ ಹೂವು. ಇಷ್ಟರಲ್ಲಿ ಬಣ್ಣದ ಪೆಟ್ಟಿಗೆಯು ತುಂಬಿತು. ಸಾರಿಸಿದ ನೆಲವೇ ಕಾಗದ, ಬೇವಿನ ಕಡ್ಡಿಯೇ ಕುಂಚ. ದೊಡ್ಡಬಳ್ಳಾಪುರವು ನೇಕಾರರ ಊರು. ಮಗ್ಗದ ಕೆಳಗೆ ಬಿದ್ದ ಬಣ್ಣದ ನೂಲಿನ ತುಂಡುಗಳನ್ನು ಕೇಳಿದರೆ ಇಲ್ಲವೆನ್ನುವವರು ಯಾರು? ತೆಂಗಿನ ಗರಿಯಿಂದ ಪೀಪಿಯಾಗುವುದು, ಒಣಗಿದ ಸೋರೆಬುರುಡೆಯಲ್ಲಿ ಕಾಳು ಹಾಕಿದರೆ ಗಿಲಕಿಯಾಗುವುದು. ಹಾಡು ಕಲಿಸಲು ಪಟ್ಟಣದಿಂದ ಸಂಗೀತ ವಿದ್ವಾಂಸರು ಬರಬೇಕಾಗಿಲ್ಲ. ರಾಗಿಯನ್ನು ಬೀಸುತ್ತ ಹಾಡಿದ ಅಜ್ಜಿಯರು, ಸೋಬಾನೆ ಬಲ್ಲ ತಾಯಂದಿರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಅವರ ಹಾಡೂ ಮೂಲೆ ಸೇರಿತು. ವಾರಕ್ಕೊಂದು ದಿವಸ ಅವರನ್ನು ಅರಳಿಕಟ್ಟೆಗೆ ಮರ್ಯಾದೆಯಿಂದ ಕರೆದರೆ ಮಕ್ಕಳಿಗೆ ಹಾಡೂ ಅಜ್ಜಿಗೆ ಕೇಳುಗರೂ ದೊರೆಯುವರು.

ತಮಟೆಯ ಮಾತನ್ನೂ ಇಲ್ಲಿ ಆಡಬೇಕು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ದೇಶವೇ ಗೌರವಿಸಿದ ಆ ವಾದ್ಯವನ್ನು ನುಡಿಸುವವರನ್ನು ಊರಿನ ಕಟ್ಟೆಯಿಂದ ದೂರ ನಿಲ್ಲಿಸುವ ಹೀನ ಸಂಪ್ರದಾಯವು ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಒಂದೇ ಮರದಡಿಯಲ್ಲಿ, ಒಂದೇ ಜೇಡಿಯ ಮುದ್ದೆಯಲ್ಲಿ ಎಲ್ಲ ಕೇರಿಯ ಮಕ್ಕಳ ಕೈಗಳೂ ಬೆರೆತು, ತಮಟೆಯವರನ್ನು ಗುರುಗಳೆಂದು ಕರೆಯುವುದನ್ನು ನಾಲ್ಕನೆಯ ವಯಸ್ಸಿನಲ್ಲಿ ಕಲಿತವರು ನಲ್ವತ್ತನೆಯ ವಯಸ್ಸಿನಲ್ಲಿ ಅವರನ್ನು ದೂರ ನಿಲ್ಲಿಸಲಾರರು.

ಆಕ್ಷೇಪಣೆಗಳಿಲ್ಲದೆ ಇಲ್ಲ. ಬಿಸಿಲು ಹೆಚ್ಚು, ಹಾವು ಹುಳುಗಳ ಭಯ, ಬಿದ್ದರೆ ಯಾರು ಹೊಣೆ ಎನ್ನುವರು. ಈ ಭಯಗಳನ್ನು ನಾವು ತೃಣೀಕರಿಸುವುದಿಲ್ಲ. ಬೆಳಗ್ಗೆ ಹತ್ತೂವರೆಯೊಳಗಿನ ಒಂದು ಗಂಟೆ ಸಾಕು. ನೆಲವನ್ನು ಗುಡಿಸಿ, ಸುತ್ತ ಬೇಲಿ ಕಟ್ಟಿ, ಕುಡಿಯುವ ನೀರನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಕಣಗಿಲೆ, ಎಕ್ಕ, ದತ್ತೂರಗಳನ್ನು ಮಕ್ಕಳ ಕೈಗೆ ಸಿಕ್ಕದಂತೆ ಕೀಳಿಸಲಿ. ಇದು ತಾಯಿಯಾದವಳು ತನ್ನ ಅಂಗಳದಲ್ಲಿ ದಿನವೂ ವಹಿಸುವ ಎಚ್ಚರವೇ ಹೊರತು ಹೆಚ್ಚಿನದೇನೂ ಅಲ್ಲ.

ಅಧಿಕಾರಿವರ್ಗಕ್ಕೆ ನಮ್ಮ ವಿಜ್ಞಾಪನೆಗಳು ಎರಡು. ಮೊದಲನೆಯದು, ಇದನ್ನು ಕಾರ್ಯಕರ್ತೆಯ ತಲೆಯ ಮೇಲೆ ಇನ್ನೊಂದು ದಫ್ತರವನ್ನಾಗಿ ಹೊರಿಸಬೇಡಿರಿ. ತೂಕ, ಅಳತೆ, ಆಹಾರ, ಹಾಜರಿ ಎಲ್ಲವನ್ನೂ ಬರೆದು, ಅದನ್ನೇ ಮತ್ತೆ ಮೊಬೈಲಿನಲ್ಲಿಯೂ ತುಂಬಬೇಕಾದ ಆಕೆಗೆ ಹಾಡಲು ಉಸಿರೆಲ್ಲಿದೆ? ದಿನಕ್ಕೊಂದು ಗಂಟೆಯನ್ನು ಲೆಕ್ಕಪತ್ರದಿಂದ ಬಿಡಿಸಿ ಕೊಡಿರಿ. ಆ ಗಂಟೆಯ ಭಾವಚಿತ್ರವನ್ನು ಕಳುಹಿಸೆಂದು ಕೇಳಬೇಡಿರಿ. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳು ದೊಡ್ಡ ಮಕ್ಕಳಿಗೆ ಇರಲಿ. ಈ ಎಳೆಯರಲ್ಲಿ ಮೊದಲಿಗರು, ಕಡೆಯವರು ಎಂಬ ಭೇದವೇ ಬೇಡ. ಹಾಡಿದ ಮಗುವಿಗೆ ಹಾಡಿದುದೇ ಬಹುಮಾನ.

ಎರಡನೆಯದು ಇನ್ನೂ ಮುಖ್ಯವಾದುದು. ನಮ್ಮ ಹಿರಿಯರು ಊರೂರಿಗೂ ಗುಂಡುತೋಪುಗಳನ್ನು ಬೆಳೆಸಿ, ಅವು ಕಂದಾಯದ ದಾಖಲೆಗಳಲ್ಲಿಯೂ ಸೇರಿದವು. ಬೆಂಗಳೂರಿನ ನೆರಳು ಬಿದ್ದಂತೆ ಈ ಭಾಗದ ನೆಲದ ಬೆಲೆಯು ಏರಿ, ಊರೊಟ್ಟಿನ ಭೂಮಿಯ ಮೇಲೆ ಕಣ್ಣು ಹಾಕುವವರು ಹೆಚ್ಚಿದ್ದಾರೆ. ತೋಪು ಹೋದ ಮೇಲೆ ಮಕ್ಕಳಿಗೆ ಅಂಗಳವನ್ನು ಕೊಡುವೆವೆಂದರೆ ಎಲ್ಲಿಂದ ತರುವುದು? ಆದುದರಿಂದ ಸಾಸಲು ಹೋಬಳಿಯ ಪಂಚಾಯಿತಿಗಳವರು ಗ್ರಾಮಸಭೆಯನ್ನು ಸೇರಿಸಿ, ಪ್ರತಿಯೊಂದು ಅಂಗನವಾಡಿಯ ಸಮೀಪದಲ್ಲಿ, ಮರವಿರುವ ಕೆಲವು ಗುಂಟೆ ಸಾರ್ವಜನಿಕ ನೆಲವನ್ನು ಮಕ್ಕಳ ಅಂಗಳವೆಂದು ನಿರ್ಣಯಿಸಲಿ. ತಹಶೀಲ್ದಾರರು ಅದನ್ನು ಅಳತೆ ಮಾಡಿಸಿ ಕಲ್ಲು ನೆಡಿಸಲಿ. ಮರವಿಲ್ಲದ ಕಡೆ ಈ ಮುಂಗಾರಿನಲ್ಲಿಯೇ ಹೊಂಗೆಯನ್ನೂ ಬೇವನ್ನೂ ನೆಡಲಿ. ಒಂದು ಹೋಬಳಿಯು ಮೇಲ್ಪಂಕ್ತಿ ಹಾಕಿದರೆ ತಾಲ್ಲೂಕೇ ಅದನ್ನು ಅನುಸರಿಸೀತು.

ಹುಡುಗಿಯ ಎಮ್ಮೆಗೆ ನಾಲ್ಕರ ಬದಲು ಐದು ಕಾಲುಗಳಿದ್ದುವೆಂಬುದನ್ನು ನಾವು ಮರೆಮಾಚುವುದಿಲ್ಲ. ಒಂದು ಕಾಲು ಹೆಚ್ಚೆಂದು ಹೇಳಿದಾಗ ಅವಳು ನಮ್ಮನ್ನು ಕನಿಕರದಿಂದ ನೋಡಿ, ಅದು ಬಾಲವೆಂದಳು. ಅಷ್ಟು ಧೈರ್ಯವಾಗಿ ನೋಡುವ, ಹಾಡುವ, ಮರುನುಡಿಯುವ ಮಗುವು ಬರುವ ವರ್ಷ ಕೋಣೆಯೊಳಗೆ ಕೈಕಟ್ಟಿ ಕುಳಿತುಕೊಳ್ಳುವುದು. ಅದರೊಳಗೆ ಅಂಗಳವನ್ನು ಸಿದ್ಧಪಡಿಸಿ ಎಂದು ಮಹಾಜನರನ್ನೂ ಅಧಿಕಾರಿಗಳನ್ನೂ ಪ್ರಾರ್ಥಿಸುತ್ತೇವೆ.