ನಮ್ಮ ಜಾಗ, ನೆರೆಯವರ ಬೆಳಕು

'ನಮ್ಮ ಜಾಗಾದಾಗ ನಾವು ಕಟ್ತೀವಿ, ಕೇಳಾಕ ನೀವ್ಯಾರ್ರಿ?' ಮನಗೂಳಿಯ ಹಳೆಯ ಓಣಿಗಳಲ್ಲಿ ಜೆಸಿಬಿಗಿಂತ ಮೊದಲು ಈ ಮಾತು ಬಂದು ನಿಲ್ಲುತ್ತದೆ. ಪುಣೆ, ಗೋವಾಗಳಲ್ಲಿ ದುಡಿದವರು ಅಪ್ಪನ ಕಾಲದ ಮಣ್ಣಿನ ಮಾಳಿಗೆ ಕೆಡವಿ ಎರಡಂತಸ್ತು ಏರಿಸುತ್ತಾರೆ. ಏರಿಸಲಿ. ಮಕ್ಕಳು ಬೆಳೆದಿದ್ದಾರೆ, ಸೊಸೆ ಬರುವವಳಿದ್ದಾಳೆ, ಇನ್ನೊಂದು ಕೋಣೆ ಬೇಕು. ನಮ್ಮ ತಕರಾರು ಕೋಣೆಯ ಬಗ್ಗೆ ಅಲ್ಲ, ಆ ಮಾತಿನ ಬಗ್ಗೆ.

ಈ ಓಣಿಗಳಲ್ಲಿ 'ನಮ್ಮ ಜಾಗ' ಎನ್ನುವುದು ಅರ್ಧ ಸುಳ್ಳು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಇಬ್ಬರ ತೊಲೆಗಳೂ ಅದರ ಮೇಲೆಯೇ ಕೂತಿವೆ. ಗೋಡೆಗೆ ತಾಗಿ ಪಾಯ ತೋಡಿ ಮಳೆಗೆ ಬಿಟ್ಟರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ನಮ್ಮ ಅಡುಗೆಮನೆಯ ಗೋಡೆ ಬಾಯಿ ಬಿಟ್ಟದ್ದು ಹೀಗೆಯೇ. ಕೇಳಲು ಹೋದಾಗ ಸಿಕ್ಕಿದ್ದು ಅದೇ ಉತ್ತರ. ನಾವೂ ಕೂಗಾಡಿದೆವು. ಸಂಜೆಯೊಳಗೆ ಇಬ್ಬರು ಹುಡುಗರು ಬಂದು, 'ಚಾಚಾ, ಬಿಡಬ್ಯಾಡ್ರಿ, ಅವರ ಮಂದೀನ ಹಂಗ' ಎಂದರು. ನೆರೆಯವರ ಕಟ್ಟೆಯ ಮೇಲೂ ಇಂಥವರೇ ಕೂತಿದ್ದರಂತೆ. ಮಣ್ಣಿನ ಗೋಡೆಗೆ ಧರ್ಮದ ಬಣ್ಣ ಬಳಿಯಲು ಎಷ್ಟು ಹೊತ್ತು ಬೇಕು?

ಕಾನೂನು ಈ ಸೊಕ್ಕಿನ ಮಾತನ್ನು ಒಪ್ಪುವುದಿಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆ 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ಬಂತು. ಬಿಜಾಪುರ ಆಗ ಅದೇ ಪ್ರಾಂತ್ಯದಲ್ಲಿತ್ತು. ಒಂದು ಮನೆ ಬೆಳಕು, ಗಾಳಿಯನ್ನು ಹಕ್ಕಿನಂತೆ 20 ವರ್ಷ ತಡೆಯಿಲ್ಲದೆ ಅನುಭವಿಸಿದ್ದರೆ ಅದು ಹಕ್ಕೇ ಆಗುತ್ತದೆ. ಪಕ್ಕದ ನೆಲದಿಂದ ಸಿಕ್ಕ ಆಸರೆಗೂ ಇದೇ ನಿಯಮ. ಆದರೆ ತಡೆಯಾದ 2 ವರ್ಷದೊಳಗೆ ದಾವೆ ಹೂಡಬೇಕು. ಊರಿನ ರೂಢಿ ಇದ್ದಲ್ಲಿ ನೆರೆಮನೆಯ ಮರ್ಯಾದೆಗೆ ಭಂಗ ತರುವ ಹೊಸ ಕಿಟಕಿ ತೆರೆಯಬಾರದೆಂಬ ಉದಾಹರಣೆಯನ್ನೂ ಆ ಕಾಯ್ದೆಯೇ ಕೊಡುತ್ತದೆ. ಪಟ್ಟಣ ಪಂಚಾಯಿತಿಯ ಪರವಾನಗಿ ಈ ಹಕ್ಕುಗಳನ್ನು ಅಳಿಸುವುದಿಲ್ಲ.

ಇನ್ನು ನಮ್ಮವರ ಮಾತು. ನೆರೆಯವನು ನಿನ್ನ ಗೋಡೆಗೆ ತೊಲೆ ಊರಿದರೆ ತಡೆಯಬೇಡ ಎಂಬುದು ಪ್ರವಾದಿಯವರ ಬೋಧನೆ. ಶುಕ್ರವಾರ ಇದನ್ನು ಕೇಳಿ ತಲೆದೂಗುವವರೇ ಶನಿವಾರ ನೆರೆಯವನ ತೊಲೆ ಕೊಯ್ಯಲು ಗೌಂಡಿಗೆ ಹೇಳಿದರೆ ಆ ತಲೆದೂಗಿಗೆ ಅರ್ಥವೇನು? ನೆರೆಯವನು ಯಾವ ದೇವರಿಗೆ ಕೈಮುಗಿಯುತ್ತಾನೆಂದು ಆ ಬೋಧನೆ ಕೇಳಿಲ್ಲ.

ಕೋರ್ಟಿನ ತಾರೀಖು ಬರುವವರೆಗೆ ಮಳೆ ಕಾಯುವುದಿಲ್ಲ. ಆದ್ದರಿಂದ ಪಾಯ ತೋಡುವ ಮೊದಲೇ ಕೂಡಿರಿ. ಗೌಂಡಿಯ ಎದುರು ಹಗ್ಗ ಹಿಡಿದು ಅಳೆಯಿರಿ. ಗೋಡೆಯ ಫೋಟೋ ತೆಗೆದಿಡಿ. ತೊಲೆಗಳಿಗೆ ಆಸರೆ ಕೊಡಿ, ಪಾಯವನ್ನು ತುಂಡು ತುಂಡಾಗಿ ತೋಡಿ ತುಂಬಿರಿ. ಕೆಟ್ಟದ್ದನ್ನು ಯಾರು ರಿಪೇರಿ ಮಾಡಬೇಕೆಂದು ಕಾಗದದ ಮೇಲೆ ಬರೆಯಿರಿ.

ನಮ್ಮ ಬಿರುಕನ್ನು ಕೊನೆಗೆ ಮುಚ್ಚಿದ್ದು ನೆರೆಮನೆ ಕಟ್ಟುತ್ತಿದ್ದ ಗೌಂಡಿಯೇ. ಖರ್ಚನ್ನು ಇಬ್ಬರೂ ಹಂಚಿಕೊಂಡೆವು. ಅಷ್ಟರಲ್ಲಿ ಮೂರು ತಿಂಗಳು ಎರಡೂ ಮನೆಯ ಹೆಂಗಸರು ಬೇರೆ ಬೇರೆ ಹೊತ್ತಿನಲ್ಲಿ ನೀರಿಗೆ ಹೋಗಿದ್ದರು. ಪಾಯ ತೋಡುವ ಹಿಂದಿನ ಸಂಜೆ ಕೂತಿದ್ದರೆ ಎಲ್ಲವೂ ಒಂದು ಚಹಾದಲ್ಲಿ ಮುಗಿಯುತ್ತಿತ್ತು.